ಪೋಲ್ಡಿ ಹೇಳಿದ ಸಾಕ್ಷಿ

ಮದುವೆಯಾಗಿ ಒಂಬತ್ತು ವರ್ಷವಾದರೂ ಪೋಲ್ಡಿ ವೊರೆಲ್ ಒಂದು ಸಲವೂ ಸರೋವರದ ಮುಖ ನೋಡಿರಲಿಲ್ಲ. ನಮ್ಮ ಓಲ್ಮುಟ್ಸ್ ಊರಿನ ಕೆಳಚೌಕದಲ್ಲಿ ಅವಳ ಟೋಪಿ ಅಂಗಡಿ. ಅಲ್ಲಿಗೆ ಬರುವ ಹೆಂಗಸರೆಲ್ಲ ಬೇಸಿಗೆ ಬಂತೆಂದರೆ ಗಂಡನ ತೋಳು ಹಿಡಿದು ಸಾಲ್ಜ್‌ಬರ್ಗ್ ಕಡೆ ಸರೋವರಗಳಿಗೆ ಹೋಗಿ, ದೋಣಿಯಲ್ಲಿ ಕೂತು, ಮೂಗು ಕೆಂಪಗೆ ಸುಟ್ಟುಕೊಂಡು ಬಂದು, "ಅಯ್ಯೋ ಫ್ರಾವ್ ವೊರೆಲ್, ಏನು ಗಾಳಿ, ಏನು ನೀರು! ನೀವೂ ಬರಬೇಕಿತ್ತು ಕಣ್ರೀ" ಎಂದು ಹೊಟ್ಟೆ ಉರಿಸುತ್ತಿದ್ದರು. ಪೋಲ್ಡಿಯ ಬೇಸಿಗೆಗಳು ಎಲ್ಲಿ ಕಳೆದವು? ಹ್ಯಾನೋವರ್‌ನಲ್ಲಿ, ಕೋಬುರ್ಗ್‌ನಲ್ಲಿ, ಬಾರ್ಮೆನ್‌ನಲ್ಲಿ, ನ್ಯೂರೆಂಬರ್ಗ್‌ನಲ್ಲಿ. ಅಲ್ಲೆಲ್ಲ ಅವಳು ಕಂಡದ್ದು ಒಂದೇ: ಕಿಟಕಿ ಮುಚ್ಚಿದ ಸಭಾಂಗಣ, ಚುರುಟಿನ ಹೊಗೆ, ಆ ಹೊಗೆಯೊಳಗೆ ಚದುರಂಗದ ಮಣೆ ಮುಂದಿಟ್ಟುಕೊಂಡು ತಲೆ ಮೇಲೆ ಕೈಹೊತ್ತು ಕೂತ ಗಂಡಸರು. ಮನೆಗೆ ಬಂದು ತಿಂಗಳಾದರೂ ಅವಳ ಬಟ್ಟೆಯಿಂದ ಆ ವಾಸನೆ ಹೋಗುತ್ತಿರಲಿಲ್ಲ.

ಮಧುಚಂದ್ರಕ್ಕೆ ಸರೋವರಕ್ಕೇ ಹೋಗುವುದೆಂದು ಮಾತಾಗಿತ್ತು. ಹೊರಡಲು ಒಂದು ವಾರವಿದೆ ಅನ್ನುವಾಗ ಕಮಿಲ್ ಪಾಪದ ಮುಖ ಮಾಡಿಕೊಂಡು ಬಂದು, "ಪೋಲ್ಡಿ, ಹ್ಯಾನೋವರ್ ಕೂಡ ಚೆನ್ನಾಗಿದೆಯಂತೆ" ಅಂದ. ಹೊಸ ಮದುಮಗಳು, ಅವಳಿಗೇನು ಗೊತ್ತು? ಹೂಂ ಅಂದಳು. ಆ ಒಂದು ಹೂಂಗೆ ಒಂಬತ್ತು ವರ್ಷ ತಲೆ ಚಚ್ಚಿಕೊಂಡಳು.

ಕಮಿಲ್ ವೊರೆಲ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈಯುವುದಾದರೂ ಸುಲಭವಾಗುತ್ತಿತ್ತು. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಕುಡಿತವಿಲ್ಲ, ಕೈ ಎತ್ತುವುದಿಲ್ಲ, ಬೇರೆ ಹೆಂಗಸಿನ ಕಡೆ ತಲೆ ಎತ್ತಿ ನೋಡುವುದಿಲ್ಲ. ಸ್ವಂತ ಹೆಂಗಸಿನ ಕಡೆಯೂ ಅಷ್ಟಕ್ಕಷ್ಟೇ ಅನ್ನಿ. ದಿನವಿಡೀ ಗೆರೆ ಎಳೆದು ಎಳೆದು ಅವನಿಗೆ ಒಂದು ಚಟ ಹತ್ತಿತ್ತು: ಓರೆಯಾಗಿರುವುದು ಏನು ಕಂಡರೂ ಕೈ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೆ ಚಮಚ ನೇರ ಮಾಡುವುದು, ಉಪ್ಪಿನ ಬಟ್ಟಲನ್ನು ಮೇಜಿನ ನಡುಮಧ್ಯಕ್ಕೆ ತರುವುದು, ಅಂಗಡಿಗೆ ಬಂದರೆ ಅಷ್ಟೂ ಟೋಪಿಗಳನ್ನು ಒಂದೇ ದಿಕ್ಕಿಗೆ ತಿರುಗಿಸಿಡುವುದು. ಮಾಡಿದ್ದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಚದುರಂಗದ ಮಣೆಯ ಮೇಲೂ ಅದೇ ಕಥೆ. ತನ್ನ ಮನೆಯ ಗೆರೆಗೆ ತಾಗಿ ನಿಂತ ಕಾಯಿ ಕಂಡರೆ ಬೆರಳು ತಾನಾಗಿ ಹೋಗಿ ಅದನ್ನು ನಡುವಿಗೆ ತಂದು ನಿಲ್ಲಿಸಿಬಿಡುತ್ತಿತ್ತು.

ಇದೇನು ಮಹಾ ಅನ್ನಬೇಡಿ. ಸ್ಪರ್ಧೆಯಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಅದು ಕಾನೂನು. ಬರೀ ನೆಟ್ಟಗೆ ಮಾಡುವುದಿದ್ದರೆ ಮೊದಲು ಬಾಯಿಬಿಟ್ಟು 'ಜಾದೂಬ್' ಅನ್ನಬೇಕು. ಸರಿಪಡಿಸುತ್ತಿದ್ದೇನೆ ಅನ್ನುವುದಕ್ಕೆ ಅದು ಫ್ರೆಂಚರ ಮಾತು. ರಷ್ಯದವನೂ ಅದನ್ನೇ ಅನ್ನುತ್ತಾನೆ, ಇಂಗ್ಲೆಂಡಿನವನೂ ಅದನ್ನೇ ಅನ್ನುತ್ತಾನೆ. ಮರೆಯುವವನು ನಮ್ಮ ಕಮಿಲ್ ಒಬ್ಬನೇ.

"ಬಾಯಲ್ಲಿ ಒಂದು ಮಾತು ಅನ್ನೋದಕ್ಕೆ ನಿನಗೇನು ರೋಗ?" ಎಂದು ಪೋಲ್ಡಿ ಕೇಳಿದರೆ, "ಅಂದೆನಲ್ಲಾ?" ಅನ್ನುವನು.

"ಮನಸ್ಸಲ್ಲಿ ಅಂದ್ಕೊಂಡಿರ್ತೀಯ. ಅದು ಯಾರಿಗೆ ಕೇಳುತ್ತೆ? ನಿನ್ನ ಮನಸ್ಸಿಗೇನು ಕಿಟಕಿ ಇಟ್ಟಿದ್ದಾರಾ?"

ಅವನಿಗೆ ಬೇಕಾಗಿದ್ದದ್ದು ಒಂದೇ. ದೊಡ್ಡ ಸ್ಪರ್ಧೆ ನಡೆಯುವ ಊರಲ್ಲೆಲ್ಲ ಸಭಾಂಗಣದ ನಡುವೆ ಒಂದು ಕೆಂಪು ಹಗ್ಗ ಕಟ್ಟಿರುತ್ತಾರೆ. ಹಗ್ಗದ ಒಳಗೆ ಮೈಸ್ಟರ್‌ಗಳು: ಪೀಟರ್ಸ್‌ಬರ್ಗ್, ಪ್ಯಾರಿಸ್, ಲಂಡನ್, ವಾರ್ಸಾದಿಂದ ಬಂದವರು, ತಮ್ಮ ಆಟ ಪತ್ರಿಕೆಯಲ್ಲಿ ಅಚ್ಚಾಗುವುದನ್ನು ಕಾಫಿ ಕುಡಿಯುತ್ತಾ ಓದುವವರು. ಹಗ್ಗದ ಹೊರಗೆ ನೋಡುವ ಜನ. ಪಕ್ಕದ ಕೋಣೆಯಲ್ಲಿ ಕಮಿಲ್‌ನಂಥ ಗುಮಾಸ್ತರು, ಔಷಧಿ ಅಂಗಡಿಯವರು, ಶಾಲೆ ಮೇಷ್ಟ್ರುಗಳು ಆಡುವ ಸ್ಪರ್ಧೆ ಬೇರೆ. ಅಲ್ಲಿ ಮೊದಲು ಬಂದವನಿಗೆ ಸಂಘದವರು ಮೈಸ್ಟರ್ ಎಂಬ ಬಿರುದು ಕೊಡುತ್ತಾರೆ. ಆಮೇಲೆ ಅವನಿಗೂ ಹಗ್ಗದ ಒಳಗೆ ಕುರ್ಚಿ. ಎರಡನೆಯವನಿಗೆ ಕೈ ಕುಲುಕಿ ರೈಲು ಹತ್ತಿಸುತ್ತಾರೆ.

"ಒಂದೇ ಒಂದು ಸಲ, ಪೋಲ್ಡಿ," ಅನ್ನುತ್ತಿದ್ದ ಕಮಿಲ್. "ಒಳಗೆ ಕೂತು ಹದಿನೈದಕ್ಕೆ ಹದಿನೈದೂ ಸೋತು ಬಂದರೂ ಸರಿ. ಆಮೇಲೆ ನೀನು ಹೇಳಿದ ಸರೋವರ."

ಹ್ಯಾನೋವರ್‌ನಲ್ಲಿ ಏಳನೆಯವನಾದ. ಕೋಬುರ್ಗ್‌ನಲ್ಲಿ ಗೆಲ್ಲುವ ಆಟದಲ್ಲಿ, ಎದುರಾಳಿಗೆ ಮೈ ಹುಷಾರಿಲ್ಲ ಅನ್ನಿಸಿತು ಅಂತ ಸಮ ಮಾಡಿಕೊಂಡು ಎದ್ದ. ನ್ಯೂರೆಂಬರ್ಗ್‌ನಲ್ಲಂತೂ ಕಾಯಿ ನಡೆಸಿದ ಮೇಲೆ ಗಡಿಯಾರದ ಗುಂಡಿ ಒತ್ತಿದೆನೋ ಇಲ್ಲವೋ ಎಂದು ಯೋಚಿಸುತ್ತಾ ಕೂತು, ಒತ್ತದೇ ಇದ್ದದ್ದಕ್ಕೆ ತನ್ನ ಪಾಲಿನ ಸಮಯವೇ ಓಡಿ ಮುಗಿದು ಸೋತ. ಮನೆಗೆ ಬರುವಾಗ ರೈಲಿನಲ್ಲಿ ನಮ್ಮೂರಿನ ಹುಳಿಸಿದ ಓಲ್ಮುಟ್ಸ್ ಗಿಣ್ಣಿನ ಪೊಟ್ಟಣ ಬಿಚ್ಚಿ, ಡಬ್ಬಿಯ ಜನರೆಲ್ಲ ಆ ನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದರೆ, ಇವನು ಗಿಣ್ಣಿನ ಬಿಲ್ಲೆಗಳನ್ನು ತೊಡೆ ಮೇಲೆ ಜೋಡಿಸಿಕೊಂಡು, "ನೋಡು, ಕುದುರೆ ಇಲ್ಲಿದ್ದಿದ್ದರೆ..." ಅಂತ ಶುರುಮಾಡುತ್ತಿದ್ದ. ಕುದುರೆಯನ್ನು ಪೋಲ್ಡಿ ಸಿಟ್ಟಿನಲ್ಲಿ ಎತ್ತಿಕೊಂಡು ತಿಂದುಬಿಡುತ್ತಿದ್ದಳು.

ಆದರೆ ನ್ಯಾಯ ಹೇಳಬೇಕು. ಬಿರುದು ಪೋಲ್ಡಿಗೂ ಬೇಡವಾಗಿರಲಿಲ್ಲ. ನಮ್ಮಲ್ಲಿ ಗಂಡನಿಗೆ ಯಾವ ಪದವಿಯೋ ಹೆಂಡತಿಗೂ ಅದೇ, ಮೊದಲಿಗೆ ಶ್ರೀಮತಿ ಅನ್ನುವ ಹಾಗೆ ಫ್ರಾವ್ ಸೇರಿಸಿ. ಅವಳ ತಂಗಿ ಎರ್ನಾ ಅಂಚೆಯವನನ್ನು ಮದುವೆಯಾಗಿ, ಅವನಿಗೆ ಬಡ್ತಿ ಬಂದ ದಿನದಿಂದ ಕಟುಕನ ಅಂಗಡಿಯಲ್ಲೂ ಫ್ರಾವ್ ಪೋಸ್ಟ್‌ಮಾಸ್ಟರ್ ಅನ್ನಿಸಿಕೊಳ್ಳುತ್ತಿದ್ದಳು. ಅಕ್ಕ ಮಾತ್ರ ಬರೀ ಫ್ರಾವ್ ವೊರೆಲ್. ಟೋಪಿಗೆ ರಿಬ್ಬನ್ ಹೊಲಿಯುವಾಗ ಒಂದೊಂದು ಸಲ ಪೋಲ್ಡಿ ಒಳಗೊಳಗೇ 'ಫ್ರಾವ್ ಮೈಸ್ಟರ್' ಅಂದು ನೋಡಿಕೊಂಡದ್ದುಂಟು. ಯಾರಾದರೂ ಕೇಳಿಸಿಕೊಂಡರೋ ಎಂದು ಕೂಡಲೇ ಕೆಮ್ಮುತ್ತಿದ್ದಳು.

ಸಾವಿರದ ಒಂಬೈನೂರ ಹನ್ನೊಂದನೇ ಇಸವಿಯ ಬೇಸಿಗೆಯಲ್ಲಿ ಸ್ಪರ್ಧೆ ಬಿದ್ದದ್ದು ಲಿಂಡೆನ್‌ಬಾಡ್‌ನಲ್ಲಿ. ಹೊಟ್ಟೆ ಕೆಟ್ಟ ದೊಡ್ಡಮನುಷ್ಯರು ಬಿಸಿ ಬುಗ್ಗೆಯ ನೀರು ಕುಡಿಯಲು ಬರುವ ಊರು. ಪಕ್ಕದ ಕೋಣೆಯ ಆಟಕ್ಕೆ ಹನ್ನೆರಡು ಜನ, ಹನ್ನೊಂದು ದಿನ, ದಿನಕ್ಕೊಂದು ಆಟ. ಸ್ಪರ್ಧೆ ನಡೆಸುವವರು ನೋಟರಿ ಪ್ಲಾಶ್ಕೆ ಎಂಬ ಗಡ್ಡದ ಮನುಷ್ಯ. ಮೊದಲ ದಿನವೇ ಕಮಿಲ್ ಗೆದ್ದ. ಎರಡನೆಯ ದಿನವೂ ಗೆದ್ದ. ಮೂರನೆಯ ದಿನ ಗಡಿಯಾರ ಒತ್ತುವುದನ್ನು ಮರೆತ, ಆದರೂ ಗೆದ್ದ. ಬೆಳಗಿನ ತಿಂಡಿಗೆ ಎಲ್ಲ ಆಟಗಾರರೂ ಒಂದೇ ಊಟದ ಮನೆಯಲ್ಲಿ ಕೂರುತ್ತಿದ್ದರು; ಪೋಲ್ಡಿಯ ಪೂಜೆ ಅಲ್ಲಿ ಎಲ್ಲರೆದುರೇ ಶುರುವಾಗುತ್ತಿತ್ತು.

"ಗೆದ್ದೆ ಗೆದ್ದೆ ಅಂತ ಹಲ್ಲು ಕಿರೀಬೇಡ. ಇಪ್ಪತ್ತು ನಿಮಿಷ ನಿನ್ನ ಗಡಿಯಾರ ಓಡ್ತಾ ಇತ್ತು. ನಾನು ಅಷ್ಟು ದೂರದಿಂದ ನೋಡ್ತಾ ಇದ್ದೀನಿ, ನಿನ್ನ ಮೂಗಿನ ಕೆಳಗಿರೋದು ನಿನಗೆ ಕಾಣಲ್ವಾ?"

"ಯೋಚನೆ ಮಾಡ್ತಿದ್ದೆ, ಪೋಲ್ಡಿ."

"ಯೋಚನೆ ಮಾಡೋ ಮುಖಾನಾ ಅದು? ನಿದ್ದೆ ಮಾಡೋನ ಮುಖ."

ಪಕ್ಕದ ಮೇಜಿನವರು ಕಾಫಿ ಬಟ್ಟಲಿನ ಹಿಂದೆ ನಗು ಅಡಗಿಸುತ್ತಿದ್ದರು. ನೋಟರಿಯವರು ಮಾತ್ರ ಗಟ್ಟಿಯಾಗಿಯೇ, "ಫ್ರಾವ್ ವೊರೆಲ್, ನೀವೊಬ್ಬರು ಇದ್ದರೆ ನನಗೆ ಇಲ್ಲಿ ಕೆಲಸವೇ ಇಲ್ಲ" ಅಂದರು. ಅವಳಿಗೆ ನಗು ಬರಲಿಲ್ಲ.

ಹತ್ತು ದಿನ ಮುಗಿದಾಗ ಕಮಿಲ್ ಎಲ್ಲರಿಗಿಂತ ಮುಂದಿದ್ದ. ಅರ್ಧ ಅಂಕ ಹಿಂದೆ ಒಬ್ಬನೇ ಒಬ್ಬ: ಸ್ಯಾಕ್ಸನಿ ಕಡೆಯ ಹಳ್ಳಿಯೊಂದರ ಪಶುವೈದ್ಯ, ವೀಗಾಂಡ್ ಅಂತ. ಅರವತ್ತೊಂದು ವರ್ಷ, ದಪ್ಪ ಶರೀರ, ಎಷ್ಟು ತೊಳೆದರೂ ಹೋಗದ ಫಿನಾಯಿಲ್ ವಾಸನೆಯ ಕೈ. ಮೂವತ್ತು ವರ್ಷದಿಂದ ಅವನೂ ಇದೇ ಬಿರುದಿಗೆ ಊರೂರು ಅಲೆದವನು. ಪೋಲ್ಡಿಗೆ ಅವನನ್ನು ಕಂಡರಾಗದು. ಆಡುವಾಗ ಪೆಪ್ಪರ್‌ಮೆಂಟು ಗುಳಿಗೆಯನ್ನು ಬಾಯಲ್ಲಿ ಆಚೆ ಈಚೆ ಹೊರಳಿಸಿ ಹಲ್ಲಿಗೆ ಟಕ್ ಟಕ್ ಅನ್ನಿಸುತ್ತಿದ್ದ. ಕೊನೆಯ ದಿನ ಅವರಿಬ್ಬರಿಗೇ ಆಟ ಬಿತ್ತು. ಸಮವಾದರೆ ಸಾಕು, ಬಿರುದು ಕಮಿಲ್‌ಗೆ. ವೀಗಾಂಡ್ ಗೆದ್ದರೆ ವೀಗಾಂಡ್‌ಗೆ.

ಬೆಳಗ್ಗೆ ಹತ್ತಕ್ಕೆ ಶುರುವಾದ ಆಟ ಮಧ್ಯಾಹ್ನ ಎರಡಾದರೂ ಮುಗಿಯಲಿಲ್ಲ. ಮಣೆಯ ಮೇಲೆ ಉಳಿದದ್ದು ಒಬ್ಬೊಬ್ಬರಿಗೆ ಒಂದು ರಾಜ, ಒಂದು ಆನೆ, ಒಂದಷ್ಟು ಕಾಲಾಳು. ಕಮಿಲ್‌ನ ರಾಜ ತನ್ನ ಆನೆಗೆ ಒತ್ತಿಕೊಂಡು ಕಾವಲು ನಿಂತಿತ್ತು. ಆ ರಾಜ ಅಲ್ಲೇ ಇರುವವರೆಗೂ ಭಯವಿಲ್ಲ. ಅದು ಕದಲಿದರೆ ಆನೆ ಹೋಯಿತು, ಆನೆ ಹೋದರೆ ಎಲ್ಲ ಹೋಯಿತು. ಪೋಲ್ಡಿಗೆ ಇಷ್ಟು ವರ್ಷ ನೋಡಿ ನೋಡಿ ಅಷ್ಟು ಆಟ ಬರುತ್ತಿತ್ತು. ಗೋಡೆ ಪಕ್ಕದ ಕುರ್ಚಿಯಲ್ಲಿ ಲೇಸು ಹೆಣೆಯುತ್ತಾ ಕೂತಿದ್ದಳು. ಹೆಣಿಗೆ ಮೂರು ಸಲ ತಪ್ಪಿ ಬಿಚ್ಚಿದ್ದಳು.

ಅಷ್ಟರಲ್ಲಿ ದೊಡ್ಡ ಸಭಾಂಗಣದಲ್ಲಿ ಯಾರೋ ಮೈಸ್ಟರ್ ಗೆದ್ದು ಚಪ್ಪಾಳೆ ಎದ್ದಿತು. ಈ ಕೋಣೆಯಲ್ಲಿ ನೋಡುತ್ತಿದ್ದ ಜನವೆಲ್ಲ ಎದ್ದುಬಿದ್ದು ಆ ಕಡೆ ಓಡಿದರು. ನೋಟರಿಯವರೂ ಹೋದರು. ವೀಗಾಂಡ್ ತನ್ನ ನಡೆ ಮುಗಿಸಿ ಗಡಿಯಾರ ಒತ್ತಿ, ಕಾಲು ಜೋಮು ಹಿಡಿದು ಎದ್ದು, ಎರಡು ಹೆಜ್ಜೆ ಹಿಂದೆ ಕಿಟಕಿ ಹತ್ತಿರ ನಿಂತ. ಕಮಿಲ್ ಮಣೆಯನ್ನೇ ನೋಡುತ್ತಿದ್ದ. ರಾಜ ಚೂರು ಓರೆಯಾಗಿ, ಮನೆಯ ಗೆರೆಗೆ ತಾಗಿ ನಿಂತಿತ್ತು.

ಪೋಲ್ಡಿ ನೋಡುತ್ತಿದ್ದ ಹಾಗೇ ಅವನ ಬಲಗೈ ಎದ್ದಿತು. ಎರಡು ಬೆರಳು ರಾಜನ ತಲೆ ಹಿಡಿದವು. ಒಂದು ಕೂದಲಿನಷ್ಟು ಈಚೆಗೆ ತಂದು ನಡುವಿಗೆ ನಿಲ್ಲಿಸಿ ಬಿಟ್ಟವು. ಬಾಯಿಂದ ಒಂದು ಮಾತಿಲ್ಲ. ಆಮೇಲೆ ಅದೇ ಕೈ ಪಕ್ಕಕ್ಕೆ ಹೋಗಿ ಒಂದು ಕಾಲಾಳನ್ನು ಮುಂದೆ ತಳ್ಳಿ, ಅಪರೂಪಕ್ಕೆ ಗಡಿಯಾರವನ್ನೂ ಒತ್ತಿತು.

ನಿನ್ನ ಕೈಗೆ ಬೆಂಕಿ ಹಾಕ, ಅಂದುಕೊಂಡಳು ಪೋಲ್ಡಿ.

"ನಿಲ್ಲಿ," ಅಂದ ವೀಗಾಂಡ್ ಕಿಟಕಿಯಿಂದ. "ರಾಜನನ್ನು ಮುಟ್ಟಿದಿರಿ. ರಾಜನನ್ನೇ ನಡೆಸಬೇಕು."

ನೋಟರಿಯವರನ್ನು ಕರೆಸಿದರು. ಅವರ ಹಿಂದೆ ಜನವೂ ಬಂತು. ಕೋಣೆಯ ತುಂಬ ಗುಸುಗುಸು.

"ಹೆರ್ ವೊರೆಲ್, ಮುಟ್ಟಿದಿರಾ?"

ಕಮಿಲ್ ತಲೆ ಎತ್ತಲಿಲ್ಲ. "ನನಗೆ... ನೆನಪಿಲ್ಲ," ಅಂದ.

"ಇದೆಂಥ ಉತ್ತರ! ಮುಟ್ಟಿದಿರೋ ಇಲ್ಲವೋ?"

"ನೆನಪಿಲ್ಲ, ಹೆರ್ ನೋಟರಿ."

"ಬೇರೆ ಯಾರಾದರೂ ನೋಡಿದ್ದೀರಾ?" ಎಂದರು ನೋಟರಿ. ಯಾರಿದ್ದರು ನೋಡಲು? ಎಲ್ಲರೂ ಚಪ್ಪಾಳೆ ಹಿಂದೆ ಓಡಿದ್ದರು. ಇದ್ದವಳು ಗೋಡೆ ಪಕ್ಕ ಲೇಸು ಹಿಡಿದು ಕೂತವಳು ಒಬ್ಬಳೇ.

"ಅವರ ಮನೆಯವರನ್ನೇ ಕೇಳಿ," ಅಂದ ವೀಗಾಂಡ್.

"ಹೆಂಡತಿಯನ್ನಾ? ಹೆಂಡತಿಯ ಸಾಕ್ಷಿಗೆ ನೀವು ಒಪ್ಪುತ್ತೀರಾ, ಡಾಕ್ಟರೇ?"

"ಯಾಕೆ ಒಪ್ಪಬಾರದು? ಹನ್ನೊಂದು ದಿನದಿಂದ ನಾನು ಇವರ ಪಕ್ಕದ ಮೇಜಿನಲ್ಲಿ ಕಾಫಿ ಕುಡೀತಾ ಇದ್ದೀನಿ. ಈಯಮ್ಮ ಗಂಡನ ಪರವಾಗಿ ಒಂದೇ ಒಂದು ಮಾತು ಆಡಿದ್ದು ನಾನಂತೂ ಕೇಳಿಲ್ಲ. ಇವರು ಇಲ್ಲದ್ದು ಹೇಳೋರಲ್ಲ. ಇವರು ಏನು ಹೇಳ್ತಾರೋ ಅದಕ್ಕೆ ನಾನು ತಲೆ ಬಾಗ್ತೀನಿ."

ಜನ ಗೊಳ್ಳೆಂದು ನಕ್ಕರು. ಪೋಲ್ಡಿ ಎದ್ದು ನಿಂತಳು. ನಿಜ ಅವಳ ನಾಲಿಗೆಯ ತುದಿಯಲ್ಲೇ ಇತ್ತು: ಮುಟ್ಟಿದ, ಮುಟ್ಟದೆ ಇರ್ತಾನಾ, ಒಂಬತ್ತು ವರ್ಷದಿಂದ ಬಡ್ಕೋತಾ ಇದ್ದೀನಿ. ಆಡಿ ಆಡಿ ಅಭ್ಯಾಸವಾದ ಮಾತು. ಬಾಯಿ ತೆರೆದರೆ ತಾನಾಗಿ ಬರುತ್ತಿತ್ತು. ಅಷ್ಟರಲ್ಲಿ ಕಮಿಲ್ ಕಡೆ ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಎರಡು ಕೈಯನ್ನೂ ಮಂಡಿಯ ಮೇಲೆ ಮಗುಚಿಟ್ಟುಕೊಂಡು ಅವನ್ನೇ ನೋಡುತ್ತಿದ್ದ. ಕತ್ತಿನ ಹಿಂದೆ ಕಾಲರು ಬೆವರಿಗೆ ಒದ್ದೆಯಾಗಿತ್ತು.

"ಇಲ್ಲ," ಅಂದಳು. "ಮುಟ್ಟಲಿಲ್ಲ. ಕೈ ಹತ್ತಿರ ಹೋಯ್ತು, ಅಷ್ಟೆ. ಮುಟ್ಟಿದ್ದರೆ ನಾನೇ ಮೊದಲು ಕೂಗ್ತಿರಲಿಲ್ವಾ?"

ಮತ್ತೆ ನಕ್ಕರು. ವೀಗಾಂಡ್ ನಗಲಿಲ್ಲ. ಮಣೆಯನ್ನು ನೋಡಿದ, ಕಿಟಕಿಯನ್ನು ನೋಡಿದ, ಮತ್ತೆ ಮಣೆಯನ್ನು ನೋಡಿದ. "ಹಾಗಾದರೆ ನಾನೇ ತಪ್ಪು ನೋಡಿರಬೇಕು," ಅಂದು ಕೂತ. ಆಮೇಲಿನ ಆಟ ಅರ್ಧ ಗಂಟೆಯೂ ನಡೆಯಲಿಲ್ಲ, ಸಮವಾಯಿತು. ಮುದುಕ ಎದ್ದು ಕಮಿಲ್‌ನ ಕೈ ಕುಲುಕಿ, ಗೋಡೆ ಹತ್ತಿರ ಬಂದು, ಬಗ್ಗಿ ಪೋಲ್ಡಿಯ ಕೈಗೆ ಮುತ್ತಿಟ್ಟು, "ಅಭಿನಂದನೆ, ಫ್ರಾವ್ ಮೈಸ್ಟರ್" ಅಂದ. ಹಾಗೆ ಅವಳನ್ನು ಮೊದಲು ಕರೆದವನು ಅವನೇ.

ಓಲ್ಮುಟ್ಸ್‌ಗೆ ಬಂದ ಮೇಲೆ ಏನು ಸಂಭ್ರಮ! ಸ್ಥಳೀಯ ಪತ್ರಿಕೆಯಲ್ಲಿ ಹೆಸರು ಬಂತು. ಕಾಫಿ ಅಂಗಡಿಯವನು ಕಿಟಕಿ ಪಕ್ಕದ ಮೇಜಿನ ಮೇಲೆ ಕಮಿಲ್ ಹೆಸರಿನ ಚೀಟಿ ಇಟ್ಟ. ಎರ್ನಾ ಬಂದು, ಬಾಯಿ ಹುಳ್ಳಗೆ ಮಾಡಿಕೊಂಡು, "ಇನ್ಮೇಲೆ ನಿನ್ನನ್ನ ಫ್ರಾವ್ ಮೈಸ್ಟರ್ ಅನ್ನಬೇಕಲ್ಲಪ್ಪಾ" ಅಂದಳು. ಕಟುಕ ಅಂದ, ಬೇಕರಿಯವಳು ಅಂದಳು, ಟೋಪಿ ಕೊಳ್ಳಲು ಬಂದವರೆಲ್ಲ ಅಂದರು. ಅಂದಾಗಲೆಲ್ಲ ಪೋಲ್ಡಿಗೆ ಬೆನ್ನಿಗೆ ಗುಂಡುಸೂಜಿ ಚುಚ್ಚಿದ ಹಾಗಾಗುತ್ತಿತ್ತು. "ವೊರೆಲ್ ಅಂದರೆ ಸಾಕು" ಎಂದು ಒಬ್ಬಳ ಮೇಲೆ ರೇಗಿಯೇ ಬಿಟ್ಟಳು. ಎಂಥ ವಿನಯ ಎಂದು ಊರೆಲ್ಲ ಹೊಗಳಿದರು. ಅದಂತೂ ತಡೆಯಲಾಗಲಿಲ್ಲ ಅವಳಿಗೆ.

ಇರಲಿ, ಅವನಿಗೋಸ್ಕರ ತಾನೇ, ಅವನು ಹೋಗಿ ಆ ಹಾಳು ಹಗ್ಗದ ಒಳಗೆ ಒಂದು ಸಲ ಕೂತು ಬರಲಿ, ಅಲ್ಲಿಗೆ ಎಲ್ಲ ಸರಿಹೋಗುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಚಳಿಗಾಲದಲ್ಲಿ ಮೆರಾನ್‌ನಿಂದ ಕರೆ ಬಂತು. ದೊಡ್ಡ ಸ್ಪರ್ಧೆ, ನಾಲ್ಕು ದೇಶದ ಮೈಸ್ಟರ್‌ಗಳು. ಪೋಲ್ಡಿ ಅವನ ಕೋಟಿಗೆ ಹೊಸ ಗುಂಡಿ ಹೊಲಿದಳು. ಕಮಿಲ್, "ಒಸಡು ಊದಿದೆ, ಆಗಲ್ಲ" ಎಂದು ಬರೆದ. ಸರಿ, ಒಸಡು. ಆಮೇಲೆ ವಸಂತದಲ್ಲಿ ಬುಡಾಪೆಸ್ಟ್‌ನಿಂದ ಬಂತು. "ಕಚೇರಿಯಲ್ಲಿ ರಜ ಕೊಡಲ್ಲ" ಅಂದ. ಸರಿ, ರಜ. ಒಂದು ದಿನ ಕಚೇರಿಯ ಮೇಲಧಿಕಾರಿಯ ಹೆಂಡತಿ ಟೋಪಿಗೆ ಗರಿ ಹಾಕಿಸಲು ಬಂದವಳು, "ಏನ್ರೀ ನಿಮ್ಮ ಯಜಮಾನರು! ನಮ್ಮವರು ತಾವಾಗಿ ಕರೆದು ರಜ ಕೊಡ್ತೀನಿ ಹೋಗಪ್ಪಾ ಅಂದರೂ ಬೇಡ ಅಂದರಂತಲ್ಲ" ಅಂದಳು.

ಪೋಲ್ಡಿ ಆ ಗರಿಯನ್ನು ಹೇಗೆ ಹೊಲಿದಳೋ ದೇವರಿಗೇ ಗೊತ್ತು. ಮಧ್ಯಾಹ್ನ ಅಂಗಡಿ ಬಾಗಿಲು ಎಳೆದುಕೊಂಡು ಮನೆಗೆ ಬಂದಳು. ಕಮಿಲ್ ಊಟಕ್ಕೆ ಬಂದು ಕೂತಿದ್ದ. ಪ್ಲಮ್ ಹಣ್ಣಿನ ಕಡುಬು ತಟ್ಟೆಯಲ್ಲಿ ಆರುತ್ತಿತ್ತು.

"ನಿನಗೆ ನಾಚಿಕೆ ಆಗಲ್ವಾ?" ಅಂದಳು ಟೋಪಿ ಕೂಡ ತೆಗೆಯದೆ. "ಒಂಬತ್ತು ವರ್ಷ ನನ್ನ ಪ್ರಾಣ ಹಿಂಡಿದೆ. ಹೊಗೆ ಕುಡಿಸಿದೆ. ಸರೋವರ ಅಂತ ಆಸೆ ತೋರಿಸಿ ಊರೂರು ಎಳೆದಾಡಿದೆ. ಈಗ ಅವರಾಗಿ ಕರೀತಾ ಇದ್ದಾರೆ, ಕುರ್ಚಿ ಹಾಕಿ ಕಾಯ್ತಾ ಇದ್ದಾರೆ, ದೊರೆಗಳಿಗೆ ಒಸಡು! ದೊರೆಗಳಿಗೆ ರಜ ಇಲ್ಲ! ಯಾಕೆ ಸುಳ್ಳು ಹೇಳಿದೆ?"

ಕಮಿಲ್ ಚಮಚವನ್ನು ತಟ್ಟೆಯ ಪಕ್ಕ ನೇರ ಮಾಡಿದ. "ನಾನು ಮುಟ್ಟಿದ್ದೆ, ಪೋಲ್ಡಿ" ಅಂದ.

ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ನೆನಪಿಲ್ಲ ಅಂದದ್ದು ಸುಳ್ಳು. ಯಾವಾಗಲೂ ನನಗೆ ಗೊತ್ತಾಗಲ್ಲ, ನಿಜ. ಅವತ್ತು ಗೊತ್ತಾಯ್ತು. ಬೆರಳಿಗೇ ಗೊತ್ತಾಯ್ತು. ಹೌದು ಅನ್ನೋಕೆ ಬಾಯಿ ಬರಲಿಲ್ಲ. ನೀನಿದ್ದೀಯಲ್ಲ, ನೀನು ಹೇಳೇ ಹೇಳ್ತೀಯ ಅಂತ ಸುಮ್ಮನೆ ಕೂತೆ. ನನ್ನ ಒಂದು ತಪ್ಪನ್ನಾದರೂ ನೀನು ಇವತ್ತಿನವರೆಗೆ ಬಿಟ್ಟವಳಾ?"

"ಅಂದರೆ ನನ್ನ ತಲೆ ಮೇಲೆ ಹಾಕಿದೆ."

"ಹೂಂ. ಹಾಕಿದೆ."

"ಥೂ ನಿನ್ನ! ಹಾಗಿದ್ದರೆ ಮಾರನೇ ದಿನವೇ ಸಂಘಕ್ಕೆ ಬರೀಬೇಕಿತ್ತು!"

"ಬರೆದರೆ ನೀನು ಸುಳ್ಳು ಸಾಕ್ಷಿ ಹೇಳಿದೆ ಅಂತಾಗುತ್ತೆ. ಎಲ್ಲರೆದುರಿಗೆ ಹೇಳಿದ್ದೀಯ. ನಿನ್ನನ್ನ ಹೇಗೆ ಬಿಟ್ಟುಕೊಡಲಿ? ಬರೀದೇ ಹೋದರೆ ನಾನು ಆ ಜನದ ಮಧ್ಯೆ ಕೂರೋ ಹಾಗಿಲ್ಲ. ಅದಕ್ಕೇ ಎರಡೂ ಬೇಡ ಅಂತ ಒಸಡು ಅಂದೆ, ರಜ ಅಂದೆ."

ಪೋಲ್ಡಿ ಅವನನ್ನು ಬಾಯಿಗೆ ಬಂದ ಹಾಗೆ ಬೈದಳು. ಹೇಡಿ ಅಂದಳು, ಮೂಗ ಅಂದಳು, ಹೆಂಡತಿಯ ಲಂಗದ ಹಿಂದೆ ಅವಿತುಕೊಳ್ಳುವವನು ಅಂದಳು. ತನ್ನನ್ನೂ ಬೈದುಕೊಂಡಳು, ಕಡುಬನ್ನೂ ಬೈದಳು. ಬೈದು ಸುಸ್ತಾದ ಮೇಲೆ ಟೋಪಿ ತೆಗೆದಿಟ್ಟು, ತಟ್ಟೆಗಳನ್ನು ಆಚೆ ಸರಿಸಿ, ಮಸಿ ಲೇಖನಿ ತಂದು ಅಲ್ಲೇ ಕೂತು ಎರಡು ಕಾಗದ ಬರೆದಳು. ಒಂದು ನೋಟರಿಯವರಿಗೆ, ಒಂದು ವೀಗಾಂಡ್‌ಗೆ. ಎರಡರಲ್ಲೂ ಒಂದೇ ಮಾತು: ನನ್ನ ಗಂಡ ರಾಜನನ್ನು ಮುಟ್ಟಿದ್ದರು, ನಾನು ಕಣ್ಣಾರೆ ನೋಡಿದೆ, ನೋಡಿಯೂ ಇಲ್ಲ ಅಂದೆ. ಕಮಿಲ್ ಅದರ ಕೆಳಗೆ, ನನಗೂ ಗೊತ್ತಿತ್ತು ಎಂದು ತನ್ನ ನಕ್ಷೆಯ ಅಕ್ಷರದಲ್ಲಿ ಬರೆದು ಸಹಿ ಹಾಕಿದ. ಅಂಚೆಗೆ ಹಾಕಲು ಇಬ್ಬರೂ ಒಟ್ಟಿಗೆ ಹೋದರು.

ನೋಟರಿಯವರ ಉತ್ತರ ಮೂರೇ ಸಾಲು. ಬಿರುದನ್ನು ಹಿಂದಕ್ಕೆ ಪಡೆಯಲಾಗಿದೆ; ಮುಂದೆ ಯಾವ ಸ್ಪರ್ಧೆಗೂ ದಂಪತಿಗಳು ಅರ್ಜಿ ಹಾಕುವ ಅಗತ್ಯವಿಲ್ಲ. ಅದು ಬಂದ ವಾರದಲ್ಲೇ ಊರಿಗೆಲ್ಲ ಗೊತ್ತಾಯಿತು. ಕಾಫಿ ಅಂಗಡಿಯವನು ಚೀಟಿ ತೆಗೆದ. ಎರ್ನಾ ಒಂದು ತಿಂಗಳು ಮನೆಗೆ ಬರಲಿಲ್ಲ. ಪೋಲ್ಡಿಗೆ ಅದೆಲ್ಲ ಅಷ್ಟು ನೋಯಲಿಲ್ಲ. ಬೈಸಿಕೊಳ್ಳಬೇಕಾದ್ದು ಬೈಸಿಕೊಂಡಾಯಿತು ಎಂದು ಎದೆ ಹಗುರವೂ ಆಯಿತು. ಇನ್ನು ಆ ಮುದುಕನದೂ ಬಂದುಬಿಡಲಿ, ಅವನೂ ಉಗಿದುಬಿಡಲಿ ಎಂದು ದಿನಾ ಅಂಚೆಯವನ ದಾರಿ ನೋಡುತ್ತಿದ್ದಳು.

ವೀಗಾಂಡ್‌ನ ಕಾಗದ ಬಂದದ್ದು ಅಂಗಡಿಗೆ, ಬೆಳಗಿನ ಹೊತ್ತು. ಕಮಿಲ್ ಕಚೇರಿಗೆ ಹೋಗುವ ಮುಂಚೆ ಅಲ್ಲೇ ಬಾಗಿಲ ಬಳಿ ನಿಂತಿದ್ದ. ಪೋಲ್ಡಿ ಒಡೆದು ಓದಿದಳು.

"ಮಾನ್ಯ ಫ್ರಾವ್ ವೊರೆಲ್ ಅವರಿಗೆ," ಎಂದಿತ್ತು. "ತಮ್ಮ ಪತ್ರ ತಲುಪಿತು. ಬಿರುದಿನ ಮಾತು ಬಿಡಿ, ಅದು ಯಾರ ಪಾಲಿಗೆ ಹೋದರೇನು. ನಾನು ಅವತ್ತು ಹಾಡುಹಗಲು, ಎರಡು ಹೆಜ್ಜೆ ದೂರದಿಂದ ನೋಡಿದ್ದೆ. ನೀವು ಇಲ್ಲ ಎಂದಿರಿ. ನೀವು ಇಲ್ಲದ್ದು ಹೇಳುವವರಲ್ಲ ಎಂದು ನಾನೇ ಎಲ್ಲರೆದುರು ಹೇಳಿದ್ದೆ. ಹಾಗಾದರೆ ಇಲ್ಲದ್ದನ್ನು ಕಂಡವನು ನಾನು. ನಮ್ಮ ತಂದೆಗೆ ಕೊನೆಗಾಲದಲ್ಲಿ ಬುದ್ಧಿ ಕೆಟ್ಟು ಹೀಗೇ ಇಲ್ಲದ್ದೆಲ್ಲ ಕಾಣುತ್ತಿತ್ತು. ನನಗೂ ಶುರುವಾಯಿತು ಎಂದುಕೊಂಡೆ. ಅಂಥವನ ಕೈಯಲ್ಲಿ ಚಿಕಿತ್ಸೆಯ ಕತ್ತಿ ಇರಬಾರದು. ಊರಿಗೆ ಬಂದ ವಾರವೇ ವೈದ್ಯವೃತ್ತಿ ಬಿಟ್ಟುಬಿಟ್ಟೆ. ಡ್ರೆಸ್ಡೆನ್‌ನ ಡಾಕ್ಟರು ಏನೂ ಆಗಿಲ್ಲ ಎಂದರು, ನಾನು ನಂಬಲಿಲ್ಲ. ಜನವರಿಯಲ್ಲಿ ಪಕ್ಕದ ಮನೆಯವರ ಹಸು ಕರು ಹಾಕಲಾಗದೆ ನರಳುತ್ತಿತ್ತು. ಬಂದು ಕರೆದರು. ಮೂವತ್ತೈದು ವರ್ಷ ಅದೇ ಕೆಲಸ ಮಾಡಿದವನು ನಾನು, ಬಾಗಿಲು ತೆರೆಯಲಿಲ್ಲ. ಹಸುವೂ ಹೋಯಿತು, ಕರುವೂ ಹೋಯಿತು. ಒಂಬತ್ತು ತಿಂಗಳಿಂದ ಎದುರು ಬಂದವರನ್ನು ನಿಜವಾಗಿ ಬಂದರೋ ಇಲ್ಲವೋ ಎಂದು ಮುಟ್ಟಿ ನೋಡಿ ಮಾತಾಡಿಸುತ್ತಿದ್ದೆ. ಈಗ ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ನಾಳೆಯಿಂದ ಕೊಟ್ಟಿಗೆಗಳಿಗೆ ಹೋಗುತ್ತೇನೆ. ನಿಮ್ಮಿಂದ ನನಗೆ ದೊಡ್ಡ ಉಪಕಾರವಾಯಿತು. ಯಜಮಾನರಿಗೆ ನಮಸ್ಕಾರ ತಿಳಿಸಿ."

ಪೋಲ್ಡಿ ಅದನ್ನು ಇನ್ನೊಂದು ಸಲ ಓದಿದಳು. ಟೋಪಿಗಳ ಪೆಟ್ಟಿಗೆಯ ಮೇಲೆ ಕೂತಳು. ಬೈಗುಳ ಎಲ್ಲಾದರೂ ಇದೆಯೇನೋ ಎಂದು ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದಳು.

"ಏನು? ಬೈದಿದ್ದಾರಾ?" ಅಂದ ಕಮಿಲ್.

"ಬೈದಿದ್ದರೆ ಆಗ್ತಿತ್ತಲ್ಲೋ," ಅಂದಳು ಪೋಲ್ಡಿ. "ಉಪಕಾರ ಆಯ್ತು ಅಂತ ಬರೆದಿದ್ದಾನೆ."